ಗಾಜಿನೊಳಗೆ ಅಮೆಜಾನ್, ಹೊರಗೆ ಶಿಂಷಾ

ಮಂಡ್ಯದ ಮನೆಗಳ ನಡುಮನೆಯಲ್ಲಿರುವ ಮೀನುತೊಟ್ಟಿಯ ಗೊಡವೆ ಮಲೆನಾಡಿಗರಿಗೇಕೆ ಎಂದು ಮಿತ್ರರು ಕೇಳಬಹುದು. ಕೊಡಗಿನ ಬೆಟ್ಟಗಳಲ್ಲಿ, ಮೂಡಿಗೆರೆಯ ಶೋಲಾ ಕಾಡುಗಳಲ್ಲಿ ಒಸರಿದ ನೀರೇ ಕಾವೇರಿ, ಹೇಮಾವತಿಗಳಾಗಿ ಕನ್ನಂಬಾಡಿಗೆ ಇಳಿದು, ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳನ್ನು ಸೇರುತ್ತದೆ. ಆ ನೀರಿಗೆ ಕೆಳಗೆ ಏನಾಗುತ್ತಿದೆ ಎಂದು ಕೇಳುವ ಹಕ್ಕು ಮೇಲಿನವರಿಗೂ ಇದೆ.

ಈ ಪಟ್ಟಣಗಳ ಹೊಸ ಬಡಾವಣೆಗಳಿಗೂ ಈಗ ದೊಡ್ಡ ಅಕ್ವೇರಿಯಂಗಳ ಗೀಳು ತಗುಲಿದೆ. ಆರೇಳು ಅಡಿ ಉದ್ದದ, ಸಾವಿರ ಲೀಟರ್ ಹಿಡಿಯುವ ಗಾಜಿನ ತೊಟ್ಟಿ. ಅದರೊಡನೆ ಉಚಿತವಾಗಿ ಬರುವ ಉಪದೇಶ: ಲೀಟರಿಗೆ ಒಂದು ವ್ಯಾಟ್‌ನಂತೆ ಹೀಟರ್, ತೊಟ್ಟಿಯ ಇಡೀ ನೀರನ್ನು ಗಂಟೆಗೆ ನಾಲ್ಕೈದು ಬಾರಿ ಸುತ್ತಿಸುವ ಫಿಲ್ಟರ್. ಹೀಟರಿನ ಈ ಸೂತ್ರ ಚಳಿದೇಶಗಳ ಹವ್ಯಾಸಿಗಳದು. ಹಿಮ ಬೀಳುವ ಊರಿನಲ್ಲಿ ಉಷ್ಣವಲಯದ ಮೀನು ಬದುಕಬೇಕಾದರೆ ಅದು ಬೇಕು. ಬೇಸಿಗೆಯಲ್ಲಿ ಮೂವತ್ತೈದು ಡಿಗ್ರಿ ಮುಟ್ಟುವ, ಮಾಗಿಯಲ್ಲೂ ಹಗಲು ಬೆಚ್ಚಗಿರುವ ಮಂಡ್ಯಕ್ಕೆ ಅದನ್ನು ಹೊತ್ತು ತಂದವರು ನಮ್ಮ ಹವೆಯನ್ನು ಒಮ್ಮೆಯಾದರೂ ವಿಚಾರಿಸಿದರೇ?

ಲೆಕ್ಕವನ್ನೇ ನೋಡೋಣ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 1.16 ಯೂನಿಟ್ ವಿದ್ಯುತ್ ಬೇಕು. ಅಷ್ಟೇ ಶಾಖವನ್ನು ಕಳೆದುಕೊಳ್ಳದೆ ಅದು ಒಂದು ಡಿಗ್ರಿ ತಣಿಯುವುದೂ ಇಲ್ಲ. ಎಂದರೆ, ತೊಟ್ಟಿ ದೊಡ್ಡದಾದಷ್ಟೂ ಅದು ತನ್ನ ಬಿಸುಪನ್ನು ತಾನೇ ಕಾಯ್ದುಕೊಳ್ಳುತ್ತದೆ. ಬಹುಪಾಲು ಶಾಖ ಸೋರುವುದು ತೆರೆದ ಮೇಲ್ಮೈಯಿಂದ. ಒಂದು ಲೀಟರ್ ನೀರು ಆವಿಯಾದರೆ ಹೆಚ್ಚುಕಡಿಮೆ ಮೂರರಲ್ಲೆರಡು ಯೂನಿಟ್ಟಿನಷ್ಟು ಶಾಖ ಅದರೊಡನೆ ಹೋಗುತ್ತದೆ. ಬಿಗಿಯಾದೊಂದು ಮುಚ್ಚಳ ಮಾಡುವ ಕೆಲಸವನ್ನು ಸಾವಿರ ವ್ಯಾಟಿನ ಹೀಟರಿನಿಂದ ಮಾಡಿಸುವುದನ್ನು ಹವ್ಯಾಸವೆನ್ನಲಾಗದು, ಅದು ಕೊಳ್ಳುಬಾಕತನ.

ಹಾಗಾದರೆ ಹೀಟರ್ ನಿಜಕ್ಕೂ ಯಾರಿಗೆ ಬೇಕು? ಇಪ್ಪತ್ತೆಂಟು, ಮೂವತ್ತು ಡಿಗ್ರಿಯೇ ಆಗಬೇಕೆನ್ನುವ ಅಮೆಜಾನಿನ ಡಿಸ್ಕಸ್‌ನಂಥ ಮೀನಿಗೆ. ಅದಕ್ಕೆ ಮೃದುನೀರೂ ಬೇಕು. ನಮ್ಮ ಕೊಳವೆಬಾವಿಗಳದು ಗಡಸುನೀರು; ಆದ್ದರಿಂದ ಆರ್‌ಒ ಯಂತ್ರ. ವಾರಕ್ಕೆ 250 ಲೀಟರ್ ಬದಲಿಸುವ ತೊಟ್ಟಿಗೆ, ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಚೆಲ್ಲುವ ಯಂತ್ರವಿದ್ದರೆ, ವಾರಕ್ಕೆ ಸಾವಿರ ಲೀಟರ್ ನೀರು ಖರ್ಚು. ದಿನಕ್ಕೆ 140 ಲೀಟರಿಗೂ ಹೆಚ್ಚು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ಗೊತ್ತುಮಾಡಿದ್ದು ದಿನಕ್ಕೆ 55 ಲೀಟರ್. 2023ರ ಬರಗಾಲದಲ್ಲಿ ಕಾವೇರಿಗಾಗಿ ರಸ್ತೆಗಿಳಿದ ಜಿಲ್ಲೆಯ ಕತೆಯಿದು.

ಫಿಲ್ಟರಿನ ಕುರಿತೂ ಒಂದು ಭ್ರಮೆಯಿದೆ: ಅದು ಕೊಳೆಯನ್ನು ಇಲ್ಲವಾಗಿಸುತ್ತದೆಯೆಂದು. ಇಲ್ಲ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾವನ್ನು ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ವಿಷ ಕಡಿಮೆಯಾಗುತ್ತದೆ, ನೈಟ್ರೇಟ್ ಮಾತ್ರ ಶೇಖರವಾಗುತ್ತಲೇ ಹೋಗುತ್ತದೆ. ಕೊನೆಗೆ ನೀರನ್ನು ಚರಂಡಿಗೆ ಚೆಲ್ಲಲೇಬೇಕು. (ತೋಟಕ್ಕೆ ಹಾಯಿಸಿದರೆ ಬಾಳೆಗೆ ಒಳ್ಳೆಯದು, ಎಷ್ಟು ಮಂದಿ ಹಾಯಿಸುತ್ತಾರೆ?) ಹೊಳೆಯಲ್ಲಿ ಈ ಕೆಲಸವನ್ನು ಮರಳು, ಬೇರು, ಪಾಚಿ, ಹರಿವುಗಳು ಬಿಲ್ಲಿಲ್ಲದೆ ಮಾಡುತ್ತವೆ. ಗಾಜಿನೊಳಗೆ ಅದಕ್ಕೆ ಹಗಲಿರುಳು ಓಡುವ ಪಂಪು ಬೇಕು. 80 ವ್ಯಾಟಿನ ಪಂಪೊಂದೇ ತಿಂಗಳಿಗೆ 58 ಯೂನಿಟ್ ನುಂಗುತ್ತದೆ. ಕರೆಂಟು ಹೋಗಿ ನೀರಿನ ಓಟ ಕೆಲವು ಗಂಟೆ ನಿಂತರೆ ಆಮ್ಲಜನಕವಿಲ್ಲದೆ ಆ ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಆದ್ದರಿಂದ ಇನ್ವರ್ಟರ್, ಅದು ಸಾಲದಿದ್ದರೆ ಜನರೇಟರ್. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೊರಟಿತು. ಇಂದು ಹೊಳೆಯ ಬಲದಿಂದ ಹೊಳೆಯದೊಂದು ನಕಲನ್ನು ಓಡಿಸುತ್ತಿದ್ದೇವೆ.

ಆದರೂ ವಿದ್ಯುತ್ತಿನ ಲೆಕ್ಕ ಸಣ್ಣದು. ನಮ್ಮ ನಿಜವಾದ ತಕರಾರು ಬೇರೆಯೇ ಇದೆ. ಯಾವ ಬೆಚ್ಚನೆಯ ಹವೆಯಿಂದಾಗಿ ಮಂಡ್ಯದಲ್ಲಿ ಹೀಟರ್ ಬೇಡವಾಗಿದೆಯೋ, ಅದೇ ಹವೆಯಿಂದಾಗಿ ಇಲ್ಲಿ ತೊಟ್ಟಿಯ ಮೀನನ್ನು ಹೊರಗೆ ಬಿಡುವುದು ಅಪಾಯಕರವಾಗಿದೆ. ಜರ್ಮನಿಯ ಕೊಳಕ್ಕೆ ಬಿಟ್ಟ ಅಮೆಜಾನಿನ ಮೀನು ಮೊದಲ ಚಳಿಗಾಲಕ್ಕೇ ಸಾಯುವ ಸಂಭವ ಹೆಚ್ಚು. ಮದ್ದೂರು ಕೆರೆಗೆ ಬಿಟ್ಟದ್ದು ಬದುಕುತ್ತದೆ, ಬೆಳೆಯುತ್ತದೆ, ಜೊತೆ ಸಿಕ್ಕರೆ ಮರಿಯನ್ನೂ ಹಾಕುತ್ತದೆ.

ಅಂಗಡಿಯಲ್ಲಿ ಬೆರಳುದ್ದವಿದ್ದ ಸಕ್ಕರ್ ಮೀನು ಅಡಿಗೂ ಮೀರಿ ಬೆಳೆಯುತ್ತದೆ. ಮೈಮೇಲೆ ಮುಳ್ಳುಗವಚ; ಹೊಟ್ಟೆಯಿಂದಲೇ ಗಾಳಿ ಹೀರಿ ಕೊಳೆತ ನೀರಿನಲ್ಲೂ ಬದುಕಬಲ್ಲದು; ದಡ ಕೊರೆದು ಬಿಲ ಮಾಡುತ್ತದೆ, ಬೆಸ್ತರ ಬಲೆ ಹರಿಯುತ್ತದೆ. ಕೇರಳ, ಆಂಧ್ರ, ಪಶ್ಚಿಮ ಬಂಗಾಳಗಳ ಕೆರೆಹೊಳೆಗಳಲ್ಲಿ ಅದು ಈಗಾಗಲೇ ನೆಲೆಯೂರಿದೆ. 2018ರ ಮಹಾಪೂರದ ನಂತರ ಕೇರಳದ ಹೊಳೆಗಳಲ್ಲಿ ಅಮೆಜಾನಿನ ಅರಪೈಮ, ಅಮೆರಿಕದ ಅಲಿಗೇಟರ್ ಗಾರ್ ಬಲೆಗೆ ಬಿದ್ದವು. ಮಂಡ್ಯದ ಕೆರೆಗಳಾದರೋ ನಾಲೆ, ಕೋಡಿಗಳಿಂದ ಒಂದಕ್ಕೊಂದು ಹೆಣೆದುಕೊಂಡಿವೆ. ಮದ್ದೂರಿನ ನೀರು ಶಿಂಷೆಗೆ, ಶಿಂಷಾ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಗೆ. ಅದರ ಕೆಳಗೆ ಮುತ್ತತ್ತಿಯ ಮಡುಗಳು.

ಆ ಮಡುಗಳಲ್ಲಿ ಇನ್ನೂ ಉಳಿದಿರಬಹುದಾದ ಗೂನುಬೆನ್ನಿನ ಮಹಶೀರ್, ಅಂದರೆ ನಮ್ಮ ಬಿಳಿಮೀನು, ಕಾವೇರಿ ಕೊಳ್ಳವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಷ್ಟೇ ವಿಜ್ಞಾನಿಗಳು ಅದನ್ನು ಟಾರ್ ರೆಮಾದೇವಿ ಎಂದು ಖಚಿತಪಡಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಮರಳುಗಾರಿಕೆ, ಸಿಡಿಮದ್ದಿನ ಬೇಟೆ, ಅಣೆಕಟ್ಟುಗಳ ಜೊತೆಗೆ, ಸದುದ್ದೇಶದಿಂದಲೇ ಲೋಣಾವಳದ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಕೂಡ ಅದರ ಜಾಗವನ್ನು ಆಕ್ರಮಿಸಿತು. ಬಂಧುಜಾತಿಯ ಮೀನೇ ಇಷ್ಟು ಮಾಡಿದ ಮೇಲೆ ಖಂಡಾಂತರದ ಮೀನಿನ ಮಾತೇನು? "ಪಾಪ, ಕೆರೆಗೆ ಬಿಟ್ಟರೆ ಬದುಕಿಕೊಳ್ಳುತ್ತದೆ" ಎನ್ನುವ ದಯೆಯೇ ಇಲ್ಲಿ ಕೊಲೆಗಾರ.

ಇತ್ತ ಮಲೆಯ ತೊರೆಗಳಿಂದ ಹೊರಹೋಗುವ ಮೀನಿನ ಕತೆಯೂ ಇದೆ. ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿಗೆ ಹರಿಯುವ ಚಂದ್ರಗಿರಿ ಹೊಳೆಯೂ ಸೇರಿದಂತೆ ಪಶ್ಚಿಮಘಟ್ಟದ ಕೆಲವೇ ಹೊಳೆಗಳಲ್ಲಿರುವ, ಕೆಂಪು ಗೆರೆಯ ‘ಮಿಸ್ ಕೇರಳ’ ಮೀನನ್ನು ವಿದೇಶದ ಅಕ್ವೇರಿಯಂಗಳಿಗಾಗಿ ಬಾಚಿ ಬಾಚಿ ಅಪಾಯದ ಅಂಚಿಗೆ ತಂದೆವು. ನಮ್ಮದನ್ನು ಕಳಿಸಿ ಅವರದನ್ನು ತರಿಸಿಕೊಳ್ಳುವ ಈ ವ್ಯಾಪಾರಕ್ಕೆ ಜಾಗತೀಕರಣವೆಂದು ಹೆಸರು.

ಸರ್ಕಾರದ ನಡೆಯೂ ಇಬ್ಬಗೆಯದು. 2017ರಲ್ಲಿ ಅಕ್ವೇರಿಯಂ ಅಂಗಡಿಗಳಿಗೆ ಕೇಂದ್ರವು ನಿಯಮ ಹೊರಡಿಸಿ, ವ್ಯಾಪಾರಿಗಳ ವಿರೋಧದ ನಡುವೆ ಹಿಂಪಡೆಯಿತು. 2020ರ ಮತ್ಸ್ಯಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನುಸಾಕಣೆಗೆ ಸಹಾಯಧನವಿದೆ. ಸಾಕುವವರ ಹೊಟ್ಟೆಪಾಡಿಗೆ ನಾವು ವಿರೋಧಿಗಳಲ್ಲ. ಆದರೆ ಸಹಾಯಧನ ಪಡೆದ ಪ್ರತಿ ಘಟಕವೂ, ಪ್ರತಿ ಅಂಗಡಿಯೂ ಮೀನು ಪೂರ್ತಿ ಬೆಳೆದಾಗಿನ ಉದ್ದವನ್ನು ತೊಟ್ಟಿಯ ಮೇಲೆ ಬರೆದಿಡಲಿ. ಬೇಡವಾದ ಮೀನನ್ನು ಮರಳಿ ಪಡೆಯಲಿ. ಸಕ್ಕರ್, ಗಾರ್, ಅರಪೈಮಗಳ ಮಾರಾಟ ಕಾವೇರಿ ಕೊಳ್ಳದಲ್ಲಿ ನಿಲ್ಲಲಿ. ಮೀನು ಸಾಕಲೇಬೇಕೆನ್ನುವವರು ಸಾಕಣೆಯಲ್ಲೇ ಹುಟ್ಟಿದ ಇಲ್ಲಿನ ಸಣ್ಣ ಜಾತಿಗಳನ್ನು ಸಾಕಲಿ. ಅವಕ್ಕೆ ಹೀಟರ್ ಬೇಡ, ಆರ್‌ಒ ಬೇಡ. ಮಂಡ್ಯ, ಮದ್ದೂರು, ಮಳವಳ್ಳಿಗಳ ಓದುಗರು ತಮ್ಮೂರ ಕೆರೆಯಲ್ಲಿ ಮುಳ್ಳುಮೈಯ ಅಪರಿಚಿತ ಮೀನು ಸಿಕ್ಕರೆ ಅದನ್ನು ನೀರಿಗೆ ಮರಳಿ ಬಿಡದೆ, ಚಿತ್ರ ತೆಗೆದು, ಸಿಕ್ಕ ಜಾಗ, ದಿನಾಂಕಗಳೊಡನೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೂ ನಮಗೂ ತಿಳಿಸಬೇಕಾಗಿ ವಿನಂತಿ.