ಕಲಿಸಬೇಕೆಂಬ ಕರಾರಿನ ಪ್ರಶಸ್ತಿ

ಫಿಲಿಪೀನ್ಸ್ ತನ್ನ ಚಿತ್ರಕಾರರು, ಲೇಖಕರು, ಸಿನಿಮಾ ನಿರ್ದೇಶಕರಿಗೆ ‘ರಾಷ್ಟ್ರೀಯ ಕಲಾವಿದ’ ಎಂಬ ಗೌರವ ಕೊಡಲು ಆರಂಭಿಸಿದ್ದು 1972ರಲ್ಲಿ. ಬೆಟ್ಟದಲ್ಲಿ ನಾರು ನೇಯುವ ಅಜ್ಜಿ, ದ್ವೀಪದ ತುದಿಯಲ್ಲಿ ಚಾಪೆ ಹೆಣೆಯುವ ಹೆಂಗಸು, ಇರುಳೆಲ್ಲ ಮಹಾಕಾವ್ಯ ಹಾಡುವ ಹಿರಿಯ, ಇವರಿಗೆಂದೇ ಒಂದು ಕಾನೂನು ಬರಲು ಇನ್ನೂ 20 ವರ್ಷ ಬೇಕಾಯಿತು. 1992ರ ಆ ಕಾಯ್ದೆಯಿಂದ ಹುಟ್ಟಿದ ಪ್ರಶಸ್ತಿಯನ್ನು ಅಲ್ಲಿನವರು ಚಿಕ್ಕದಾಗಿ ‘ಗಮಾಬಾ’ ಎನ್ನುತ್ತಾರೆ. ರಾಷ್ಟ್ರೀಯ ಸಂಸ್ಕೃತಿ ಮತ್ತು ಕಲಾ ಆಯೋಗ ಇದನ್ನು ನಡೆಸುತ್ತದೆ.

ಫಲಕ, ಇಡುಗಂಟು, ಬದುಕಿರುವವರೆಗೆ ತಿಂಗಳ ಗೌರವಧನ ಇದರಲ್ಲಿವೆ. ಜೊತೆಗೆ ಒಂದು ಹೊಣೆಯೂ ಇದೆ: ಪ್ರಶಸ್ತಿ ಪಡೆದವರು ತಮ್ಮ ವಿದ್ಯೆಯನ್ನು ಎಳೆಯರಿಗೆ ಕಲಿಸಬೇಕು. ಇದನ್ನು ಬೇರೆ ಸನ್ಮಾನಗಳಿಗಿಂತ ಎತ್ತರದಲ್ಲಿ ನಿಲ್ಲಿಸುವುದು ಈ ಕರಾರೇ ಎಂದು ನನ್ನ ನಂಬಿಕೆ.

ಏಕೆಂದರೆ ಈ ವಿದ್ಯೆಗಳು ಪುಸ್ತಕಕ್ಕೆ ಸಿಗುವಂಥವಲ್ಲ. ಮಿಂಡನಾವೊ ದ್ವೀಪದ ಸೆಬು ಸರೋವರದ ಬಳಿ ಟಿಬೊಲಿ ಜನರು ನೇಯುವ ‘ಟಿನಾಲಕ್’ ಬಟ್ಟೆಯನ್ನೇ ನೋಡಿ. ಬಾಳೆಯ ಕುಲದ ಅಬಕಾ ಗಿಡದ ನಾರನ್ನು ಸೀಳಿ, ತುದಿಗೆ ತುದಿ ಗಂಟು ಹಾಕಿ ಉದ್ದನೆಯ ಎಳೆ ಮಾಡಬೇಕು. ನೇಯುವ ಮೊದಲೇ ಹಾಸಿನ ಎಳೆಗಳನ್ನು ಅಲ್ಲಲ್ಲಿ ಬಿಗಿದು ಕಟ್ಟಿ ಬಣ್ಣದಲ್ಲಿ ಅದ್ದಬೇಕು. ಕಟ್ಟಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ, ಚಿತ್ತಾರ ಮೂಡುವುದು ಹಾಗೆ. ಎಲ್ಲಿ ಕಟ್ಟಬೇಕೆಂಬುದಕ್ಕೆ ನಕ್ಷೆ ಇಲ್ಲ, ಎಲ್ಲವೂ ನೆನಪಿನಲ್ಲಿ. ಚಿತ್ತಾರಗಳು ಕನಸಿನಲ್ಲಿ ಬರುತ್ತವೆಂಬುದು ಅವರ ನಂಬಿಕೆ. 1998ರಲ್ಲಿ ಈ ಗೌರವ ಪಡೆದ ಲಾಂಗ್ ದುಲಾಯ್ ತಾಯಿಯಿಂದ ಇದನ್ನು ಕಲಿತದ್ದು 12ನೆಯ ವಯಸ್ಸಿನಲ್ಲಿ. ಅವರ ತಲೆಯಲ್ಲಿ ನೂರರಷ್ಟು ಚಿತ್ತಾರಗಳಿದ್ದವು. 2015ರಲ್ಲಿ ಅವರು ತೀರಿಕೊಂಡರು. ಅಷ್ಟರೊಳಗೆ ಊರಿನ ಹೆಣ್ಣುಮಕ್ಕಳಿಗೆ ಅವರು ಕಲಿಸಿದ್ದೇ ಉಳಿದ ಆಸ್ತಿ.

1993ರಲ್ಲಿ ಈ ಪ್ರಶಸ್ತಿ ಪಡೆದ ಮೊದಲ ಮೂವರಲ್ಲಿ ಒಬ್ಬರು ಮಿಂಡೊರೊ ದ್ವೀಪದ ಹನುನೂ ಮಂಗ್ಯಾನ್ ಕವಿ ಗಿನಾವ್ ಬಿಲೊಗ್. ಸಾಲಿಗೆ ಏಳು ಉಚ್ಚಾರಾಂಶಗಳ ‘ಅಂಬಾಹನ್’ ಪದ್ಯಗಳನ್ನು ಆ ಜನರು ಬಿದಿರಿನ ಮೇಲೆ ಚಾಕುವಿನಿಂದ ಕೆತ್ತುತ್ತಾರೆ. ಕೆತ್ತುವ ಲಿಪಿ ನಮ್ಮ ಕನ್ನಡ ಲಿಪಿಯಂತೆಯೇ ಬ್ರಾಹ್ಮಿಯ ವಂಶದ್ದು. ಅಷ್ಟು ದೂರದ ಆ ದಾಯಾದಿ ಇನ್ನೂ ಜೀವಂತವಾಗಿದೆ ಎನ್ನುವುದೇ ನನಗೆ ಸಂತೋಷ.

ಆದರೆ ವ್ಯವಸ್ಥೆಯ ದೊಡ್ಡ ಕೊರತೆ ಕಾಲದ್ದು. 2004ರ ನಂತರ ಹೊಸ ಹೆಸರುಗಳು ಬಂದದ್ದು 2012ರಲ್ಲಿ, ಆಮೇಲೆ 2016ರಲ್ಲಿ, ಮತ್ತೆ 2023ರಲ್ಲಿ. ಆಯ್ಕೆಯಲ್ಲಿ ಎಚ್ಚರ ಬೇಕು, ನಿಜ. ಆ ಕಲೆ ಸಮುದಾಯದಲ್ಲಿ ಕನಿಷ್ಠ 50 ವರ್ಷಗಳಿಂದ ಇದ್ದದ್ದಕ್ಕೆ ದಾಖಲೆ ಇರಬೇಕೆಂಬ ನಿಯಮವಿದೆ. ಬೆಟ್ಟ, ದ್ವೀಪಗಳಿಗೆ ಹೋಗಿ ಪರಿಶೀಲಿಸುವುದು ಸುಲಭವಲ್ಲ. ಆದರೂ ಗೌರವಕ್ಕೆ ಅರ್ಹರಾದವರಲ್ಲಿ ಬಹಳಷ್ಟು ಮಂದಿ ವೃದ್ಧರು. ಏಳೆಂಟು ವರ್ಷ ಕಾಯಿಸಿದರೆ ಕೈ ನಡುಗತೊಡಗುತ್ತದೆ, ಕಣ್ಣು ಮಂಜಾಗುತ್ತದೆ, ಕಲಿಸುವ ಶಕ್ತಿಯೇ ಉಡುಗುತ್ತದೆ. ವಯಸ್ಸಾಗಿ ಕಲಿಸಲಾರದವರಿಗೂ ಗೌರವ ಸಲ್ಲಬಹುದೆಂದು ಕಾನೂನು ಹೇಳುವುದು ಮಾನವೀಯವೇ. ಆದರೆ ಆಗ ಉಳಿಯುವುದು ಗೌರವ ಮಾತ್ರ, ವಿದ್ಯೆಯಲ್ಲ. ಆಯ್ಕೆ ವರ್ಷಕ್ಕೊಮ್ಮೆ ಅಲ್ಲದಿದ್ದರೂ ಎರಡು ವರ್ಷಕ್ಕೊಮ್ಮೆಯಾದರೂ ನಡೆಯಲಿ, ಆರಿಸಿದ ದಿನದಿಂದಲೇ ಶಿಷ್ಯರನ್ನು ಅವರ ಬಳಿ ಕೂರಿಸುವ ಏರ್ಪಾಡು ಆಗಲಿ.