ಚೀಟಿ ಬರೆಯುವ ಜಾಣರು

ಪೇಟೆಗೆ ಹೊರಡುವ ಮೊದಲು ಚೀಟಿ ಬರೆದುಕೊಳ್ಳಿರಿ, ಮೋಸ ಹೋಗಲಾರಿರಿ ಎಂದು ಉಪದೇಶಿಸುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ನಾನೂ ಆ ಪಂಥದವನೇ ಆಗಿದ್ದೆ. ಆ ಉಪದೇಶವೇ ಅರ್ಧ ಮೋಸವೆಂದು ಈಗ ಹೇಳಹೊರಟಿದ್ದೇನೆ.

ಕಳೆದ ವರ್ಷ ಮನೆಯ ಮದುವೆಗೆಂದು ಬಾಗಲಕೋಟೆಯಿಂದ ಇಳಕಲ್ಲಿಗೆ ಹೋದೆವು. ಚೀಟಿಯಲ್ಲಿ ‘ಆಯಾರದ ಸೀರೆ 12’ ಎಂದಿತ್ತು. ಪಕ್ಕದಲ್ಲಿ ಒಟ್ಟು ರೊಕ್ಕ. ಅಂಗಡಿಯವನು ಕೇಳಿದ್ದು ಒಂದೇ ಮಾತು: “ಎಷ್ಟರೊಳಗ ಬೇಕ್ರಿ ಸರ?” ರೊಕ್ಕವನ್ನು ಹನ್ನೆರಡರಿಂದ ಭಾಗಿಸಿ ಹೇಳಿದೆವು. ಆತ ಕೈಮಗ್ಗದ ಸೀರೆಗಳತ್ತ ತಿರುಗಲೂ ಇಲ್ಲ. ತಪ್ಪು ಅವನದಲ್ಲ. ಮನೆಯಲ್ಲಿ ಕುಳಿತು ಭಾಗಾಕಾರ ಮಾಡಿದಾಗಲೇ ವಿದ್ಯುತ್ ಮಗ್ಗದ ನಕಲನ್ನು ನಾವು ಆರಿಸಿಯಾಗಿತ್ತು.

ಇಳಕಲ್ ಸೀರೆಯೆಂದರೆ ಮೊದಲೇ ಯೋಚಿಸಿ ಮಾಡುವ ವಸ್ತು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು; ಟೋಪ್ ತೆನಿ ಎನ್ನುವುದು ಇದಕ್ಕೇ. ಒಂದೊಂದು ಸೀರೆಗೂ ಹೀಗೆ ಹೊಸದಾಗಿ ಹಾಸು ಸಿದ್ಧವಾಗಬೇಕು. ಇಂಥ ಸೀರೆಗೆ 2007-08ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ಬಂತು. ನಮ್ಮ ಚೀಟಿಯೊಳಕ್ಕೆ ಮಾತ್ರ ಬರಲಿಲ್ಲ.

ಜಾತ್ರೆಯಲ್ಲಿ ಹಳ್ಳಿಯವರು ಕಂಡದ್ದೆಲ್ಲ ಕೊಳ್ಳುತ್ತಾರೆಂದು ನಾವು ನಗುತ್ತೇವೆ. ಅಂಥವರು ಬಾದಾಮಿಯ ಬನಶಂಕರಿ ಜಾತ್ರೆಯನ್ನೊಮ್ಮೆ ನೋಡಬೇಕು. ಬನದ ಹುಣ್ಣಿಮೆಗೆ ನೆರೆಯುವ ಅಲ್ಲಿ ಬಾಗಿಲು, ಚೌಕಟ್ಟುಗಳದೇ ಒಂದು ಪೇಟೆ. ಮನೆ ಕಟ್ಟುವ ರೈತ ಅಳತೆಯನ್ನು ತಲೆಯಲ್ಲಿಟ್ಟುಕೊಂಡು ಬರುತ್ತಾನೆ, ಕಟ್ಟಿಗೆಯನ್ನು ಬಡಿದು ನೋಡುತ್ತಾನೆ. ರೊಕ್ಕ ಸಾಲದಿದ್ದರೆ ಒಂದು ಬಾಗಿಲನ್ನು ಮುಂದಿನ ವರ್ಷಕ್ಕೆ ಬಿಟ್ಟಾನೇ ಹೊರತು, ಅಷ್ಟಕ್ಕೇ ಎರಡು ಹಗುರ ಬಾಗಿಲು ಒಯ್ಯಲಾರ. ಅವನ ಯೋಜನೆ ವಸ್ತುವಿನಿಂದ ಆರಂಭ, ನಮ್ಮದು ಲೆಕ್ಕದಿಂದ. ಆದರೂ ಜಾಣರು ನಾವೇ!

ಹನ್ನೆರಡು ಜನಕ್ಕೆ ಕೈಮಗ್ಗದ ಸೀರೆ ಕೊಡಲು ಸಂಬಳದವರಿಗೆ ಶಕ್ತಿಯೆಲ್ಲಿ ಎನ್ನುವಿರಿ. ಒಪ್ಪಿದೆ. ಆದರೆ ಹನ್ನೆರಡೇ ಏಕೆ? ಮೂವರಿಗೆ ಸೀರೆ, ಉಳಿದವರಿಗೆ ಗುಳೇದಗುಡ್ಡದ ಖಣ ಸಾಲದೆ? ಚೀಟಿ ಬರೆಯುವಾಗ ಈ ಪ್ರಶ್ನೆ ನಮ್ಮ ಮನೆಯಲ್ಲಿ ಏಳಲೇ ಇಲ್ಲ.

ಮರಳುವಾಗ ಹುನಗುಂದದಲ್ಲಿಳಿದು ಚಿಗವ್ವನಿಗೆ ಒಂದು ಸೀರೆ ಕೊಟ್ಟೆವು. ಆಕೆ ಸೆರಗನ್ನು ಮಗುಚಿ, ಹೆಬ್ಬೆರಳಿನಿಂದ ಕೊಂಡಿ ಹುಡುಕಿದಳು. “ಛಲೋ ಐತಪಾ” ಎಂದು ಮಡಿಚಿದಳು. ಒಳಗೆ ಸೊಸೆಗೆ ಹೇಳಿದ್ದು ನನಗೂ ಕೇಳಿಸಿತು: “ತಗದಿಡವಾ, ಯಾರಿಗಾರ ಆಯಾರ ಮಾಡಾಕ ಬರತೈತಿ.”