ವಿಮಾನದ ಆಟ ಮತ್ತು ಪರೀಕ್ಷಕನ ಗಡಿಯಾರ

ಯುದ್ಧವಿಮಾನವನ್ನು ನಡೆಸುವ ಹೊಸ ಕಂಪ್ಯೂಟರ್ ಆಟವೊಂದು ಬರಲಿದೆಯೆಂಬ ಸುದ್ದಿ ಹಬ್ಬಿದರೆ ಸಾಕು, ನಮ್ಮ ತರುಣರ ಕುತೂಹಲಕ್ಕೆ ಮೇರೆಯೇ ಇರುವುದಿಲ್ಲ. ಬೆಂಗಳೂರಿನಲ್ಲಿ ಹೇಗೋ ಸುರಪುರದಲ್ಲಿಯೂ ಹಾಗೆಯೇ. ಅದರಲ್ಲಿ ಯಾವ ಯಾವ ವಿಮಾನಗಳಿರುವುವು, ಮೋಡಗಳು ಎಷ್ಟು ನೈಜವಾಗಿ ಕಾಣುವುವು ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುವುದು. ಇದೆಲ್ಲ ಬರಿಯ ಕಾಲಹರಣವೆಂದು ಜರೆಯುವ ಹಿರಿಯರೂ ಉಂಟು. ನಾವು ಆ ಪಕ್ಷದವರಲ್ಲ. ತರುಣರ ಮನಸ್ಸನ್ನು ಸೆಳೆಯಲು ನಮ್ಮ ವಾಯುಪಡೆಯೇ ೨೦೧೯ರ ಜುಲೈಯಲ್ಲಿ ಮೊಬೈಲ್ ಫೋನಿನ ಆಟವೊಂದನ್ನು ಬಿಡುಗಡೆ ಮಾಡಿತಷ್ಟೆ. ಆಟಕ್ಕಾಗಿ ಕಾಯುವುದು ತಪ್ಪಲ್ಲ. ಆದರೆ ಕಾಯುವುದಕ್ಕಿಂತ ಮೇಲಾದ ಕೆಲಸವೊಂದುಂಟು. ಅದು ಪರೀಕ್ಷಿಸುವುದು.

ಇಂತಹ ಆಟವನ್ನು ಮಾರಾಟಕ್ಕೆ ಬಿಡುವ ಮುನ್ನ, ಇನ್ನೂ ಪೂರ್ಣಗೊಳ್ಳದ ಪ್ರತಿಯನ್ನು ಆಸಕ್ತರಾದ ಕೆಲವರಿಗೆ ಕೊಟ್ಟು, ಕಂಡ ದೋಷಗಳನ್ನು ತಿಳಿಸಿರೆಂದು ತಯಾರಕರು ಕೋರುವ ಪದ್ಧತಿಯಿದೆ. ಇದಕ್ಕೆ ಬೀಟಾ ಪರೀಕ್ಷೆಯೆಂದು ಹೆಸರು. ಇದರಲ್ಲಿ ಸೇರುವವರಲ್ಲಿ ಅನೇಕರು ಇದನ್ನು ಇತರರಿಗಿಂತ ಮೊದಲು ಆಡಲು ದೊರೆತ ಅವಕಾಶವೆಂದಷ್ಟೇ ಎಣಿಸುವರು. ‘ಬಹಳ ಚೆನ್ನಾಗಿದೆ’, ‘ವಿಮಾನ ಸರಿಯಾಗಿ ತಿರುಗುವುದಿಲ್ಲ’ ಎಂದು ಒಂದು ಸಾಲು ಬರೆದು ಮುಗಿಸುವರು. ಇದು ಅಭಿಪ್ರಾಯವಾದೀತು, ಪರೀಕ್ಷೆಯಾಗದು.

ನೆಲದ ಮೇಲೆ ಕುಳಿತು ಹಾರಾಟವನ್ನು ಅನುಕರಿಸುವ ಯಂತ್ರವು ಹುಟ್ಟಿದ್ದು ವಿನೋದಕ್ಕಾಗಿ ಅಲ್ಲ. ಅಮೆರಿಕದಲ್ಲಿ ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದ ಮನೆತನದ ಎಡ್ವಿನ್ ಲಿಂಕ್ ಎಂಬಾತನು ೧೯೨೯ರಲ್ಲಿ ವಾದ್ಯದ ತಿದಿಗಳನ್ನೇ ಬಳಸಿ, ವಾಲುವ, ತಿರುಗುವ ಒಂದು ಪುಟ್ಟ ಪೆಟ್ಟಿಗೆಯನ್ನು ರಚಿಸಿದನು. ಮೊದಮೊದಲು ಅದನ್ನು ಜಾತ್ರೆಯ ಆಟಿಕೆಯೆಂದೇ ಜನ ಬಗೆದರು. ೧೯೩೪ರಲ್ಲಿ ಅಲ್ಲಿನ ಸೈನ್ಯದ ವೈಮಾನಿಕರು ಅಂಚೆಯನ್ನು ಸಾಗಿಸಲು ತೊಡಗಿ, ಕೆಟ್ಟ ಹವೆಯಲ್ಲಿ ದಾರಿ ಕಾಣದೆ ಕೆಲವೇ ವಾರಗಳಲ್ಲಿ ಹಲವರು ಮಡಿದ ಮೇಲೆ, ಸೈನ್ಯವು ಲಿಂಕನ ಪೆಟ್ಟಿಗೆಗಳನ್ನು ಕೊಂಡಿತು.

ನಮ್ಮ ನಾಡಿನ ನಿದರ್ಶನವು ಇನ್ನೂ ಹತ್ತಿರದ್ದು. ತೇಜಸ್ ವಿಮಾನವನ್ನು ಬುದ್ಧಿಪೂರ್ವಕವಾಗಿಯೇ ಅಸ್ಥಿರವಾಗಿ ರಚಿಸಲಾಗಿದೆ. ಅದರಿಂದ ಅದು ಚುರುಕಾಗಿ ತಿರುಗಬಲ್ಲದು. ಆದರೆ ಅದರೊಳಗಿನ ಕಂಪ್ಯೂಟರು ಕ್ಷಣಕ್ಷಣವೂ ತಿದ್ದದಿದ್ದರೆ ಯಾವ ವೈಮಾನಿಕನೂ ಅದನ್ನು ಹಿಡಿತದಲ್ಲಿಡಲಾರನು. ಹೇಗೆ ತಿದ್ದಬೇಕೆಂಬ ನಿಯಮಗಳು ತಪ್ಪಾಗಿದ್ದರೆ? ಅದನ್ನು ಆಕಾಶದಲ್ಲಿ ಕಂಡುಕೊಳ್ಳುವಂತಿಲ್ಲ. ಆದುದರಿಂದ ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ಸಿಮ್ಯುಲೇಟರಿನಲ್ಲಿ ಪರೀಕ್ಷಾ ವೈಮಾನಿಕರು ಮೊದಲೇ ಕುಳಿತು ಆ ನಿಯಮಗಳನ್ನು ಒರೆಗೆ ಹಚ್ಚಿದರು. ೨೦೦೧ರ ಜನವರಿ ೪ರಂದು ವಿಂಗ್ ಕಮಾಂಡರ್ ರಾಜೀವ ಕೋಠಿಯಾಲರು ಬೆಂಗಳೂರಿನಲ್ಲಿ ಆ ವಿಮಾನವನ್ನು ಮೊದಲ ಬಾರಿ ಮೇಲೇರಿಸಿದಾಗ, ಅವರ ಪ್ರಾಣವು ಒಂದರ್ಥದಲ್ಲಿ ಆ ಪರೀಕ್ಷೆಗಳ ಪ್ರಾಮಾಣಿಕತೆಯನ್ನು ನೆಚ್ಚಿಕೊಂಡಿತ್ತು.

ನಮ್ಮ ವಿದ್ಯಾರ್ಥಿಗಳು ಪರೀಕ್ಷಿಸಬಹುದಾದುದು ಏನು? ಒಂದು ಉದಾಹರಣೆಯನ್ನು ನೋಡೋಣ. ವಿಮಾನವು ವಾಲಿಕೊಂಡು ತಿರುಗುವಾಗ ಎತ್ತುಬಲದ ಒಂದು ಭಾಗವು ಅದರ ಭಾರವನ್ನು ಹೊರುವುದು. ಇನ್ನೊಂದು ಭಾಗವು ಕೇಂದ್ರದ ಕಡೆಗೆ ಎಳೆಯುವುದು. ವೇಗದ ವರ್ಗವನ್ನು, ಗುರುತ್ವ ವೇಗೋತ್ಕರ್ಷ ಮತ್ತು ವಾಲುಕೋನದ ಟ್ಯಾನ್ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ತಿರುವಿನ ತ್ರಿಜ್ಯವು ದೊರೆಯುವುದು. ವೇಗವು ಸೆಕೆಂಡಿಗೆ ೨೦೦ ಮೀಟರ್, ಅಂದರೆ ಗಂಟೆಗೆ ೭೨೦ ಕಿಲೋಮೀಟರ್. ವಾಲುಕೋನ ೬೦ ಡಿಗ್ರಿ ಎಂದಿಟ್ಟುಕೊಳ್ಳಿರಿ. ತ್ರಿಜ್ಯವು ಸುಮಾರು ೨,೩೬೦ ಮೀಟರ್ ಆಗುವುದು. ಒಂದು ಪೂರ್ಣ ಸುತ್ತಿಗೆ ಸುಮಾರು ೭೪ ಸೆಕೆಂಡು ಹಿಡಿಯುವುದು. ಈ ಲೆಕ್ಕದಲ್ಲಿ ವಿಮಾನದ ದ್ರವ್ಯರಾಶಿಗೆ ಎಡೆಯೇ ಇಲ್ಲ. ತೇಜಸ್ ಆಗಲಿ, ಹಾಕ್ ಆಗಲಿ, ಉತ್ತರ ಒಂದೇ.

ಇನ್ನು ಆಟವನ್ನು ತೆರೆದು, ಗಾಳಿಯಿಲ್ಲದ ಹವೆಯನ್ನು ಆರಿಸಿ, ಕಡಿಮೆ ಎತ್ತರದಲ್ಲಿ ಹಾರಿರಿ. ಮಾಪಕವು ನಾಟ್‌ಗಳಲ್ಲಿದ್ದರೆ ೩೮೯ರ ಸುಮಾರಿಗೆ ವೇಗವನ್ನು ನಿಲ್ಲಿಸಿರಿ. ಎತ್ತರವಾಗಲಿ ವೇಗವಾಗಲಿ ಬದಲಾಗದಂತೆ ೬೦ ಡಿಗ್ರಿ ವಾಲಿ ಒಂದು ಸುತ್ತು ಬನ್ನಿರಿ, ಗಡಿಯಾರವನ್ನು ನೋಡಿರಿ. ಮೂರು ಬಾರಿ ಹೀಗೆ ಮಾಡಿ ಸರಾಸರಿ ತೆಗೆಯಿರಿ. ೭೪ರ ಬದಲು ೫೦ ಸೆಕೆಂಡು ಬಂದರೆ, ವೇಗ, ಎತ್ತರ, ಕೋನ, ಕಾಲ ಇವನ್ನೆಲ್ಲ ಅಂಕಿಗಳಲ್ಲಿ ಬರೆದು ತಯಾರಕರಿಗೆ ಕಳುಹಿಸಿರಿ. ಅಂತಹ ಒಂದು ವರದಿಯು ‘ಸರಿಯಾಗಿ ತಿರುಗುವುದಿಲ್ಲ’ ಎಂಬ ನೂರು ದೂರುಗಳಿಗಿಂತ ಬೆಲೆಯುಳ್ಳದ್ದು. ಏಕೆಂದರೆ ದೋಷವು ಎಲ್ಲಿ ಅಡಗಿದೆಯೆಂಬುದನ್ನು ಅದು ಬೆರಳಿಟ್ಟು ತೋರಿಸುವುದು.

ಪರೀಕ್ಷಕನಾದವನು ಅನುಕರಣದ ಮಿತಿಯನ್ನೂ ಅರಿತಿರಬೇಕು. ಮೇಲೆ ಹೇಳಿದ ತಿರುವಿನಲ್ಲಿ ನಿಜವಾದ ವೈಮಾನಿಕನ ಮೈಭಾರವು ಇಮ್ಮಡಿಯಾಗುವುದು; ೬೦ ಕಿಲೋ ತೂಗುವವನಿಗೆ ತಾನು ೧೨೦ ಕಿಲೋ ತೂಗುತ್ತಿರುವಂತೆ ಭಾಸವಾಗುವುದು. ನಮ್ಮ ಮನೆಯ ಕುರ್ಚಿಗೆ ಇದಾವುದೂ ತಿಳಿಯದು. ಆಟದಲ್ಲಿ ಸತ್ತವನು ಗುಂಡಿಯೊತ್ತಿದೊಡನೆ ಮತ್ತೆ ಹುಟ್ಟುವನು; ಯುದ್ಧದಲ್ಲಿ ಹಾಗಿಲ್ಲ. ಲೆಕ್ಕಕ್ಕೆ ಸಿಕ್ಕುವುದೆಷ್ಟು, ಸಿಕ್ಕದಿರುವುದೆಷ್ಟು ಎಂಬ ವಿವೇಕವಿಲ್ಲದವನು ಒಳ್ಳೆಯ ಆಟಗಾರನಾದಾನು, ಒಳ್ಳೆಯ ಪರೀಕ್ಷಕನಾಗಲಾರನು.

ಸುರಪುರದಲ್ಲಿ ವಿಮಾನ ನಿಲ್ದಾಣವಿಲ್ಲ. ಕಲಬುರಗಿಯಲ್ಲಿ ಅದು ತೆರೆದದ್ದು ೨೦೧೯ರಲ್ಲಿ. ವಾಯುಪಡೆಯ ತರುಣ ವೈಮಾನಿಕರು ಹಾಕ್ ವಿಮಾನಗಳಲ್ಲಿ ಪಳಗುವ ಬೀದರವು ನಮಗೆ ಬಹು ದೂರವಲ್ಲದಿದ್ದರೂ, ಅಲ್ಲಿನ ವಿಮಾನದೊಳಗೆ ನಮ್ಮ ವಿದ್ಯಾರ್ಥಿಗಳಿಗೆ ಪ್ರವೇಶವೆಲ್ಲಿಯದು? ಹಾರಾಟದ ವಿಜ್ಞಾನವು ಅವರಿಗೆ ಕೈಗೆಟುಕುವುದು ಈ ಆಟಗಳ ಮೂಲಕವೇ. ಆದುದರಿಂದ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ, ಲೋಲಕದ ಪ್ರಯೋಗ ಮುಗಿದ ಮೇಲೆ, ವರ್ಷಕ್ಕೆ ಒಂದೆರಡು ಅವಧಿಗಳನ್ನಾದರೂ ಇಂತಹ ಪರೀಕ್ಷೆಗೆ ಮೀಸಲಿಡಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಇದಕ್ಕೆ ಬೇಕಾದುದು ಒಂದು ಕಂಪ್ಯೂಟರು, ಒಂದು ನಿಲ್ಲುಗಡಿಯಾರ, ಒಂದು ನೋಟುಪುಸ್ತಕ.

ಇನ್ನೊಬ್ಬರು ಮಾಡಿಕೊಟ್ಟ ಆಕಾಶದಲ್ಲಿ ಹಾರುವುದು ಸುಲಭ. ಆ ಆಕಾಶದ ನಿಯಮಗಳು ಸರಿಯೇ ಎಂದು ಕೇಳುವವನು ಮುಂದೊಂದು ದಿನ ತಾನೇ ಅಂತಹ ನಿಯಮಗಳನ್ನು ಬರೆಯಬಲ್ಲನು. ಮುಂದಿನ ಯುದ್ಧವಿಮಾನಗಳಿಗೂ ಪರೀಕ್ಷಕರು ಬೇಕಾಗುವರು. ಅವರಲ್ಲಿ ಸುರಪುರದವರೂ ಏಕಿರಬಾರದು?